ಮನೆಗಿಡದ ಛಾಯಾಚಿತ್ರ: ಅಂದವೂ ಸಾಕ್ಷ್ಯವೂ

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳೂ ಒಂದಕ್ಕೊಂದು ಬಹು ದೂರವೇನಲ್ಲ. ಬೀರೂರು ಜಂಕ್ಷನ್ನನ್ನು ನಡುವೆ ಇಟ್ಟುಕೊಂಡು ರೈಲಿನಲ್ಲಿಯೇ ಮೂರನ್ನೂ ನೋಡಿ ಬರಬಹುದು. ಆದರೂ ನೆಲ ನೀರುಗಳ ಗುಣದಲ್ಲಿ ಇವು ಬೇರೆ ಬೇರೆ. ಕಡೂರು ತೆಂಗು ರಾಗಿಗಳ ಬಯಲುಸೀಮೆ. ತರೀಕೆರೆ ಅಡಕೆ ತೋಟಗಳ ಅರೆಮಲೆನಾಡು. ಅಜ್ಜಂಪುರ ಅಮೃತಮಹಲ್ ರಾಸುಗಳ ತಳಿಗೆ ಹೆಸರಾದ ಸ್ಥಳ. ಇಷ್ಟು ಭೇದವಿದ್ದರೂ ಮನೆಗಳ ಒಳಹೊಕ್ಕು ನೋಡಿದರೆ ಒಂದು ಸಾಮ್ಯ ಕಣ್ಣಿಗೆ ಬೀಳುತ್ತದೆ. ಅಂಗಳದಲ್ಲಿ ತುಳಸಿ, ಜಗಲಿಯ ಅಂಚಿನಲ್ಲಿ ದೊಡ್ಡಪತ್ರೆ, ಹಳೆಯ ಡಬ್ಬದಲ್ಲಿ ಲೋಳೆಸರ, ಕಿಟಕಿಯ ಮೇಲಿನ ಬಾಟಲಿಯಲ್ಲಿ ಮನಿ ಪ್ಲಾಂಟ್, ಮೂಲೆಯಲ್ಲಿ ಕ್ರೋಟನ್, ಗೋಡೆಗೆ ಒರಗಿಸಿದ ಬ್ರಹ್ಮಕಮಲ. ಮಣ್ಣು ಬೇರೆಯಾದರೂ ಕುಂಡದ ಗಿಡಗಳು ಒಂದೇ.

ಈ ಗಿಡಗಳಿಗೆ ಈಚಿನ ವರ್ಷಗಳಲ್ಲಿ ಹೊಸದೊಂದು ಉಪಚಾರ ದೊರೆಯುತ್ತಿದೆ. ಮೊಬೈಲ್ ಫೋನು ಕೈಗೆ ಬಂದ ಮೇಲೆ ಮನೆಗೊಬ್ಬ ಛಾಯಾಗ್ರಾಹಕ ಹುಟ್ಟಿಕೊಂಡಿದ್ದಾನೆ. ಚಿಗುರಿದರೆ ಒಂದು ಚಿತ್ರ, ಹೂ ಬಿಟ್ಟರೆ ಹತ್ತು ಚಿತ್ರ. ಇದು ಸಂತೋಷದ ಸಂಗತಿಯೇ. ಗಿಡವನ್ನು ನೋಡುವ ಕಣ್ಣು ಹೆಚ್ಚಿದಷ್ಟೂ ಒಳ್ಳೆಯದು. ಆದರೆ ಹೀಗೆ ತೆಗೆದ ಚಿತ್ರಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ನಿಂತ ನಿಲುವಿನಲ್ಲಿ ಮೇಲಿನಿಂದ ತೆಗೆದವು, ಫ್ಲಾಷಿನ ಬೆಳಕಿಗೆ ಬಿಳಿಚಿಕೊಂಡವು, ಆಮೇಲೆ ಹಸಿರನ್ನು ಕೃತಕವಾಗಿ ಏರಿಸಿ ಕಣ್ಣು ಕುಕ್ಕುವಂತೆ ಮಾಡಿದವು. ಅಂದಗಾಣಿಸುವುದೆಂದರೆ ಬಣ್ಣ ಹಚ್ಚುವುದು ಎಂಬ ನಂಬಿಕೆಯೇ ಇದಕ್ಕೆಲ್ಲ ಮೂಲ.

ನಮ್ಮ ಅಭಿಪ್ರಾಯ ಬೇರೆ. ಗಿಡದ ಚಿತ್ರ ಅಂದವಾಗಬೇಕಾದರೆ ಬಣ್ಣ ಬೇಕಿಲ್ಲ, ಬೆಳಕಿನ ತಿಳಿವಳಿಕೆ ಬೇಕು. ಬೆಳಕನ್ನು ತಿಳಿದು ತೆಗೆದ ಚಿತ್ರ ಕಣ್ಣಿಗೆ ಹಿತವಾಗುವುದಷ್ಟೇ ಅಲ್ಲ, ಆ ಗಿಡ ಆ ದಿನ ಹೇಗಿತ್ತೆಂಬುದಕ್ಕೆ ನಂಬತಕ್ಕ ಸಾಕ್ಷಿಯೂ ಆಗುತ್ತದೆ. ಈ ಎರಡು ಗುಣಗಳು ಒಂದಕ್ಕೊಂದು ವಿರೋಧವೆಂದು ಅನೇಕರು ಭಾವಿಸಿದ್ದಾರೆ. ವಾಸ್ತವದಲ್ಲಿ ಎರಡರ ಬೇರೂ ಒಂದೇ.

ಛಾಯಾಚಿತ್ರಣದ ಚರಿತ್ರೆಯೇ ಈ ಮಾತಿಗೆ ಆಧಾರ. ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್‌ಬಟ್ 1830ರ ದಶಕದಲ್ಲಿ ಬೆಳ್ಳಿಯ ಲವಣ ಸವರಿದ ಕಾಗದದ ಮೇಲೆ ಎಲೆಗಳನ್ನೂ ಹೂಗಳನ್ನೂ ಇಟ್ಟು ಬಿಸಿಲಿಗೆ ಒಡ್ಡಿ ಅವುಗಳ ಪಡಿಯಚ್ಚನ್ನು ಪಡೆದನು. ಆ ಪ್ರಯೋಗಕ್ಕೆ ಕ್ಯಾಮರಾ ಕೂಡ ಬೇಕಾಗಲಿಲ್ಲ. ಜಾನ್ ಹರ್ಷೆಲ್ 1842ರಲ್ಲಿ ನೀಲಿ ಮುದ್ರಣದ ವಿಧಾನವನ್ನು ಕಂಡುಹಿಡಿದ ಮರುವರ್ಷವೇ ಆನಾ ಅಟ್ಕಿನ್ಸ್ ಎಂಬ ಮಹಿಳೆ ಅದೇ ವಿಧಾನದಿಂದ ಬ್ರಿಟನ್ನಿನ ಪಾಚಿಸಸ್ಯಗಳ ಪುಸ್ತಕವನ್ನು ಹೊರತರಲು ಆರಂಭಿಸಿದಳು. ನೀಲಿಯ ಹಿನ್ನೆಲೆಯಲ್ಲಿ ಬಿಳಿಯ ಎಳೆಗಳಾಗಿ ಮೂಡಿದ ಆ ಚಿತ್ರಗಳನ್ನು ಇಂದಿಗೂ ಕಲಾಪ್ರಿಯರು ಮೆಚ್ಚುತ್ತಾರೆ, ಸಸ್ಯವಿಜ್ಞಾನಿಗಳು ಗೌರವಿಸುತ್ತಾರೆ. ಆಕೆ ಅಂದಕ್ಕಾಗಿ ಏನನ್ನೂ ಸೇರಿಸಲಿಲ್ಲ. ಸಸ್ಯದ ಆಕಾರವನ್ನು ಬೆಳಕೇ ಬರೆಯುವಂತೆ ಬಿಟ್ಟಳು, ಅಷ್ಟೆ.

ಹಾಗಾದರೆ ಬೆಳಕಿನ ವಿಷಯದಲ್ಲಿ ನಾವು ತಿಳಿಯಬೇಕಾದುದೇನು? ಮೊದಲನೆಯದಾಗಿ, ನಮ್ಮ ಕಣ್ಣು ನಮ್ಮನ್ನು ಮೋಸಗೊಳಿಸುತ್ತದೆ. ನಡುಹಗಲಿನ ಬಯಲಿನ ಬಿಸಿಲು ಸುಮಾರು 1,00,000 ಲಕ್ಸ್ ಇರುತ್ತದೆ. ಅದೇ ಹೊತ್ತಿನಲ್ಲಿ ಕಿಟಕಿಯಿಂದ ದೂರದ ಕೋಣೆಯ ಮೂಲೆಯಲ್ಲಿ 100 ಲಕ್ಸ್ ಸಹ ಇರಲಾರದು. ಸಾವಿರ ಪಟ್ಟು ವ್ಯತ್ಯಾಸ! ಆದರೆ ಕಣ್ಣಿನ ಪಾಪೆ ಹಿಗ್ಗಿ, ಅಕ್ಷಿಪಟಲ ಹೊಂದಿಕೊಂಡು, ಮೂಲೆಯೂ ಸಾಕಷ್ಟು ಬೆಳಕಾಗಿದೆಯೆಂದೇ ನಮಗೆ ತೋರುತ್ತದೆ. ಕ್ಯಾಮರಾಕ್ಕೆ ಈ ದಾಕ್ಷಿಣ್ಯವಿಲ್ಲ. ಮೂಲೆಯ ಗಿಡವನ್ನು ತೆಗೆಯಹೊರಟರೆ ಚಿತ್ರ ಕಾಳುಕಾಳಾಗಿ ಮಸಕಾಗುತ್ತದೆ. ಇಲ್ಲವೆ ಫ್ಲಾಷ್ ಹೊತ್ತಿ ಗಿಡದ ಮುಖ ಚಪ್ಪಟೆಯಾಗುತ್ತದೆ. ಆದಕಾರಣ ಮೊದಲ ನಿಯಮವಿದು: ಬೆಳಕನ್ನು ಗಿಡದ ಬಳಿಗೆ ತರುವ ಬದಲು ಗಿಡವನ್ನು ಬೆಳಕಿನ ಬಳಿಗೆ ಒಯ್ಯಬೇಕು. ಗಿಡಕ್ಕೂ ಅದರಿಂದ ಹಾನಿಯಿಲ್ಲ. ಚಿತ್ರ ತೆಗೆಯಲು ಬೆಳಕು ಸಾಲದ ಮೂಲೆಯಲ್ಲಿ ಗಿಡಕ್ಕೆ ಆಹಾರ ತಯಾರಿಸಲೂ ಬೆಳಕು ಸಾಲುವುದಿಲ್ಲ.

ಎಂಥ ಬೆಳಕು ಉತ್ತಮ? ನೇರ ಬಿಸಿಲು ಒಂದು ಚಿಕ್ಕ ಬಿಂದುವಿನಿಂದ ಬರುವಂತೆ ಬರುತ್ತದೆ. ನೆರಳಿನ ಅಂಚು ಕತ್ತಿಯಂತೆ ಹರಿತವಾಗಿ, ಎಲೆಯ ಒಂದು ಭಾಗ ಬೆಂದಂತೆ ಬಿಳಿಯಾಗಿ, ಇನ್ನೊಂದು ಭಾಗ ಕಪ್ಪಾಗಿ ಕಾಣುತ್ತದೆ. ಬಿಸಿಲು ಬೀಳದ ಕಿಟಕಿಯಿಂದ ಬರುವ ಆಕಾಶದ ಬೆಳಕಾದರೋ ಅಗಲವಾದ ಮೂಲದಿಂದ ಬರುವುದು. ಒಂದು ಕಡೆ ಬೆಳಗಿ ಇನ್ನೊಂದು ಕಡೆ ಮೆಲ್ಲಗೆ ಮಬ್ಬಾಗುವುದರಿಂದ ಎಲೆಯ ಉಬ್ಬು ತಗ್ಗುಗಳು, ನರಗಳು, ದೊಡ್ಡಪತ್ರೆಯ ಮೇಲಿನ ನವಿರಾದ ರೋಮಗಳು ಎಲ್ಲವೂ ಸ್ಫುಟವಾಗುತ್ತವೆ. ಬಿಸಿಲೇ ಬರುವ ಕಿಟಕಿಯಾದರೆ ಒಗೆದ ಬಿಳಿಯ ಪಂಚೆಯೊಂದನ್ನು ಅಡ್ಡ ಕಟ್ಟಿದರಾಯಿತು. ಇಡೀ ಪಂಚೆಯೇ ದೀಪವಾಗುತ್ತದೆ. ಗಿಡದ ಇನ್ನೊಂದು ಮಗ್ಗುಲಿಗೆ ಬಿಳಿಯ ಕಾಗದ ಹಿಡಿದರೆ ನೆರಳಿನಲ್ಲಿದ್ದ ಎಲೆಗಳೂ ತಿಳಿಯಾಗುತ್ತವೆ.

ಯಾವ ಕಿಟಕಿಗೆ ಯಾವ ಕಾಲದಲ್ಲಿ ಬಿಸಿಲು ಬರುವುದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಊಹಿಸಬೇಕಾಗಿಲ್ಲ, ಲೆಕ್ಕ ಹಾಕಬಹುದು. ಕಡೂರು ಸುಮಾರು 13.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ತರೀಕೆರೆ, ಅಜ್ಜಂಪುರಗಳು ಅದಕ್ಕಿಂತ ಒಂದಿಷ್ಟೇ ಉತ್ತರಕ್ಕಿವೆ. ಆದ್ದರಿಂದ ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯಭಾಗದಲ್ಲೊಮ್ಮೆ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ಹಾಯುತ್ತಾನೆ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ನಡುಹಗಲಿನ ಸೂರ್ಯ ಉತ್ತರಕ್ಕಿರುತ್ತಾನೆ. ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ನಡುಹಗಲೆಂದರೆ ಗಡಿಯಾರದ ಹನ್ನೆರಡಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶವನ್ನು ಅನುಸರಿಸುತ್ತದೆ, ಕಡೂರಿನ ರೇಖಾಂಶ ಸುಮಾರು 76; ಡಿಗ್ರಿಗೆ 4 ನಿಮಿಷದಂತೆ ಇಲ್ಲಿಯ ನಡುಹಗಲು ಸರಾಸರಿ 12 ಗಂಟೆ 26 ನಿಮಿಷಕ್ಕೆ ಬರುತ್ತದೆ.

ಡಿಸೆಂಬರ್ ಕೊನೆಯಲ್ಲಿ ನಡುಹಗಲಿನ ಸೂರ್ಯ ದಕ್ಷಿಣ ದಿಗಂತದಿಂದ 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಸೂರಿನ ಅಡ್ಡಿ ಇಲ್ಲದಿದ್ದರೆ, ಮೇಲಂಚು ನೆಲದಿಂದ 2 ಮೀಟರ್ ಎತ್ತರವಿರುವ ದಕ್ಷಿಣದ ಕಿಟಕಿಯಿಂದ ಬಿಸಿಲು ಒಳಗಿನ ನೆಲದ ಮೇಲೆ 1.5 ಮೀಟರ್‌ವರೆಗೆ ಚಾಚುತ್ತದೆ. ಜೂನ್ ತಿಂಗಳ ಮೂರನೆಯ ವಾರದಲ್ಲಿ ಸೂರ್ಯ ಉತ್ತರಕ್ಕೆ 80 ಡಿಗ್ರಿ ಎತ್ತರದಲ್ಲಿದ್ದು, ಅಂಥದೇ ಉತ್ತರದ ಕಿಟಕಿಯೊಳಕ್ಕೆ ಬಿಸಿಲು ಸುಮಾರು ಒಂದೂವರೆ ಗೇಣು ಮಾತ್ರ ಬರುತ್ತದೆ. ಹತ್ತನೆಯ ತರಗತಿಯ ತ್ರಿಕೋನಮಿತಿ ಬಲ್ಲವರು ಇದನ್ನು ತಾವೇ ಸರಿನೋಡಬಹುದು. ಫಲಿತಾರ್ಥವಿಷ್ಟೆ: ಚಳಿಗಾಲದಲ್ಲಿ ಮೃದುವಾದ ಬೆಳಕಿಗೆ ಉತ್ತರದ ಕಿಟಕಿಯನ್ನೂ, ಬೇಸಗೆಯ ಕೊನೆಯಿಂದ ಮಳೆಗಾಲದ ನಡುವಿನವರೆಗೆ ದಕ್ಷಿಣದ ಕಿಟಕಿಯನ್ನೂ ಆರಿಸಿಕೊಳ್ಳಬೇಕು. ಮುಂಗಾರಿನ ಮೋಡ ಕವಿದಾಗ ಆಕಾಶವೆಲ್ಲ ಒಂದೇ ಮೃದುವಾದ ದೀಪವಾಗುವುದರಿಂದ ಅಂಗಳವೂ ಆದೀತು. ಹಂಚಿನ ಮನೆಗಳ ನಡುಕೋಣೆಗೆ ಬೆಳಕು ಬರಲೆಂದು ಹಾಕಿದ ಗಾಜಿನ ಹಂಚಿದ್ದರೆ ಅದೂ ಒಂದು ಸೌಭಾಗ್ಯವೇ. ಬಿಸಿಲು ನೇರವಾಗಿ ಬೀಳದ ಹೊತ್ತಿನಲ್ಲಿ ಅದರ ಕೆಳಗಿಟ್ಟ ಗಿಡ ಸುತ್ತಲಿನ ಮಬ್ಬಿನಲ್ಲಿ ತಾನೊಂದೇ ಬೆಳಗುತ್ತದೆ.

ಗಿಡದ ಯಾವ ಮುಖವನ್ನು ಚಿತ್ರಿಸಬೇಕು? ಗಿಡಕ್ಕೆ ಮುಖವೆಲ್ಲಿ ಎಂದು ನಗಬೇಕಾಗಿಲ್ಲ. ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸನೊಡನೆ ಹುಲ್ಲಿನ ಎಳೆಯ ಮೊಳಕೆಗಳ ಮೇಲೆ ನಡೆಸಿದ ಪ್ರಯೋಗಗಳನ್ನು 1880ರಲ್ಲಿ ಪ್ರಕಟಿಸಿ, ಮೊಳಕೆಯ ತುದಿ ಬೆಳಕನ್ನು ಗ್ರಹಿಸುತ್ತದೆ, ಅದರ ಕೆಳಗಿನ ಭಾಗ ಬಾಗುತ್ತದೆ ಎಂದು ತೋರಿಸಿದನು. ಇದಕ್ಕೆ ಆಕ್ಸಿನ್ ಎಂಬ ಬೆಳವಣಿಗೆಯ ರಸ ಕಾರಣವೆಂದು ಮುಂದೆ ತಿಳಿಯಿತು. ನೆರಳಿನ ಕಡೆಗೆ ಆಕ್ಸಿನ್ ಹೆಚ್ಚಾಗಿ ಶೇಖರವಾಗಿ ಆ ಕಡೆಯ ಜೀವಕೋಶಗಳು ಉದ್ದವಾಗುವುದರಿಂದ ಕಾಂಡ ಬೆಳಕಿನತ್ತ ಬಾಗುತ್ತದೆ. ಕಿಟಕಿಯಲ್ಲಿಟ್ಟ ಗಿಡ ತನ್ನ ಎಲೆಗಳ ಮುಖವನ್ನೆಲ್ಲ ಕಿಟಕಿಯ ಕಡೆಗೆ ತಿರುಗಿಸಿಕೊಂಡಿರುವುದನ್ನು ಯಾರೂ ನೋಡಬಹುದು. ಕೋಣೆಯೊಳಗೆ ನಿಂತು ಕಿಟಕಿಯತ್ತ ಕ್ಯಾಮರಾ ಹಿಡಿದವನಿಗೆ ಕಾಣುವುದು ಗಿಡದ ಬೆನ್ನು. ಅದೂ ಬೆಳಕಿಗೆ ಅಡ್ಡವಾಗಿ ಕಪ್ಪಾದ ಬೆನ್ನು. ಹಾಗಾಗಿ ಕಿಟಕಿಯ ಪಕ್ಕದಿಂದ, ಬೆಳಕು ಒಂದು ಮಗ್ಗುಲಿಗೆ ಬೀಳುವಂತೆ ನಿಂತು ತೆಗೆಯುವುದು ಲೇಸು. ಕುಂಡವನ್ನೇ ತಿರುಗಿಸಿ ತೆಗೆಯುವವರೂ ಉಂಟು. ಆದರೆ ಎಲೆಗಳು ಒಂದು ಕಡೆಗೂ ಬೆಳಕು ಇನ್ನೊಂದು ಕಡೆಗೂ ಇರುವ ಆ ಚಿತ್ರವನ್ನು ನೋಡಿದೊಡನೆ ತಿಳಿದವರು ತಂತ್ರವನ್ನು ಗುರುತಿಸುತ್ತಾರೆ.

ಎತ್ತರದ ವಿಷಯವೂ ಹೀಗೆಯೇ. ನಿಂತು ನೋಡಿದರೆ ಕುಂಡದ ಬಾಯಿ ಮಾತ್ರ ದೊಡ್ಡದಾಗಿ ಕಾಣುತ್ತದೆ. ನೆಲದ ಮೇಲೆ ಕುಳಿತು ಗಿಡದ ನಡುಮಟ್ಟಕ್ಕೆ ಮಸೂರವನ್ನು ತಂದರೆ ಕಾಂಡ ಹೇಗೆ ಏರಿದೆ, ಎಲೆ ಯಾವ ಕ್ರಮದಲ್ಲಿ ಹೊಮ್ಮಿದೆ ಎಂಬುದೆಲ್ಲ ಕಾಣತೊಡಗುತ್ತದೆ. ಬಹಳ ಹತ್ತಿರ ಹೋದರೆ ಮುಂದಿನ ಎಲೆ ಬೃಹತ್ತಾಗಿ, ಹಿಂದಿನದು ಕಿರಿದಾಗಿ ಆಕಾರ ಕೆಡುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು ತೆಗೆದು, ಬೇಡದ ಅಂಚನ್ನು ಆಮೇಲೆ ಕತ್ತರಿಸುವುದು ಮೇಲು.

ಇನ್ನು ಹಸಿರಿನ ಮಾತು. ಚಿತ್ರದಲ್ಲಿ ಹಸಿರು ಸಾಲದೆಂದು ಕೆಲವರು ಎಲೆಗಳಿಗೆ ಕೊಬ್ಬರಿ ಎಣ್ಣೆ ಸವರುತ್ತಾರೆ. ಇದು ಎರಡು ಬಗೆಯಿಂದ ತಪ್ಪು. ಎಣ್ಣೆ ಧೂಳನ್ನು ಹಿಡಿಯುತ್ತದೆ, ಎಲೆಯ ಪತ್ರರಂಧ್ರಗಳನ್ನು ಮುಚ್ಚಬಲ್ಲದು. ಅದಕ್ಕಿಂತಲೂ ಸ್ವಾರಸ್ಯದ ಸಂಗತಿಯೆಂದರೆ, ಎಣ್ಣೆಯ ಮಿರುಗು ಕಾಣುವೆಡೆಯಲ್ಲಿ ಹಸಿರು ಹೆಚ್ಚದೆ ಕುಗ್ಗುತ್ತದೆ. ಎಲೆಯ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಪಾಲು ನುಣುಪಾದ ಮೇಲ್ಮೈಯಿಂದಲೇ ಕನ್ನಡಿಯಲ್ಲಿಯಂತೆ ಪ್ರತಿಫಲಿಸುತ್ತದೆ. ಆ ಪಾಲು ಎಲೆಯೊಳಕ್ಕೆ ಹೋಗಿಯೇ ಇಲ್ಲವಾದ್ದರಿಂದ ಅದಕ್ಕೆ ಎಲೆಯ ಬಣ್ಣವಿಲ್ಲ. ಇನ್ನೊಂದು ಪಾಲು ಒಳಹೊಕ್ಕು, ಪತ್ರಹರಿತ್ತು ಅದರ ಕೆಂಪನ್ನೂ ನೀಲಿಯನ್ನೂ ಹೀರಿಕೊಂಡ ಮೇಲೆ ಉಳಿದ ಹಸಿರಾಗಿ ಹೊರಬರುತ್ತದೆ. ಎಣ್ಣೆಯ ಮಿರುಗು ಮೊದಲನೆಯ ಪಾಲನ್ನು ಒಂದೆಡೆ ಕೂಡಿಸಿ ಬಿಳಿಯ ಪಟ್ಟೆಯಾಗಿ ತೋರಿಸುತ್ತದೆ. ಒದ್ದೆ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ಎಲೆಯ ಸಹಜವಾದ ಹೊಳಪೇ ಅಡ್ಡಿಯಾದರೆ ಧ್ರುವೀಕರಣದ ಗಾಜುಳ್ಳ ತಂಪು ಕನ್ನಡಕವನ್ನು ಮಸೂರದ ಮುಂದೆ ಹಿಡಿದು ಮೆಲ್ಲಗೆ ತಿರುಗಿಸಿ ನೋಡಿರಿ. ಓರೆಯಾಗಿ ಪ್ರತಿಫಲಿಸಿದ ಬೆಳಕು ಬಹುಮಟ್ಟಿಗೆ ಒಂದೇ ತಲದಲ್ಲಿ ಕಂಪಿಸುವುದರಿಂದ ಒಂದು ಸ್ಥಾನದಲ್ಲಿ ಆ ಹೊಳಪು ಅಳಿದು, ಒಳಗಿನ ಹಸಿರು ತಾನಾಗಿ ಮೇಲೇಳುತ್ತದೆ. ವೀಳ್ಯದೆಲೆಯನ್ನೋ ಕ್ರೋಟನ್ನನ್ನೋ ಬೆಳಕಿಗೆ ಎದುರಾಗಿಟ್ಟು, ಎಲೆಯ ಮೂಲಕ ಹಾದುಬಂದ ಬೆಳಕಿನಲ್ಲಿ ತೆಗೆದರೆ ದೊರೆಯುವ ಬಣ್ಣವನ್ನು ಯಾವ ಬಣ್ಣದ ಡಬ್ಬವೂ ಕೊಡಲಾರದು.

ಹಿನ್ನೆಲೆಗೆ ಹಣ ಸುರಿಯಬೇಕಾಗಿಲ್ಲ. ಕುರುಬರು ನೇಯ್ದ ಕರಿಯ ಕಂಬಳಿ ಮನೆಯಲ್ಲಿದ್ದರೆ ಗಿಡದ ಹಿಂದೆ ಒಂದು ಮೀಟರ್ ದೂರದಲ್ಲಿ ಇಳಿಬಿಟ್ಟರಾಯಿತು. ಉಣ್ಣೆಯ ಎಳೆಗಳ ನಡುವೆ ಬೆಳಕು ಸಿಕ್ಕಿಕೊಂಡು ಹಿನ್ನೆಲೆ ಗಾಢವಾಗಿ, ಗಿಡ ಮಾತ್ರ ಎದ್ದು ಕಾಣುತ್ತದೆ. ಆದರೆ ಒಂದು ಎಚ್ಚರ ಬೇಕು. ಕ್ಯಾಮರಾದ ಬೆಳಕಿನ ಮಾಪಕ ಜಗತ್ತೆಲ್ಲ ನಡುಬೂದು ಬಣ್ಣದ್ದೆಂಬ ನಂಬಿಕೆಯ ಮೇಲೆ ಲೆಕ್ಕ ಮಾಡುತ್ತದೆ. ಕಂಬಳಿಯ ಮುಂದೆ ಅದು ಕತ್ತಲೆಯೆಂದು ಬಗೆದು ಹೆಚ್ಚು ಬೆಳಕನ್ನು ತೆಗೆದುಕೊಂಡು ಎಲೆಯನ್ನು ಬಿಳಿಚಿಸುತ್ತದೆ. ಸುಣ್ಣದ ಗೋಡೆಯ ಮುಂದೆ ಬೆಳಕು ಹೆಚ್ಚಾಯಿತೆಂದು ಎಲೆಯನ್ನು ಕಪ್ಪಾಗಿಸುತ್ತದೆ. ಮೊಬೈಲಿನ ಪರದೆಯ ಮೇಲೆ ಎಲೆಯನ್ನು ಮುಟ್ಟಿ, ಮೊದಲನೆಯ ಸಂದರ್ಭದಲ್ಲಿ ಬೆಳಕನ್ನು ಇಳಿಸಬೇಕು, ಎರಡನೆಯದರಲ್ಲಿ ಏರಿಸಬೇಕು. ಬಣ್ಣ ಬಳಿದ ಗೋಡೆಯ ಸಮೀಪದಲ್ಲಿ ಆ ಬಣ್ಣವೇ ಎಲೆಯ ಮೇಲೂ ಬೀಳುವುದೆಂಬುದನ್ನು ಮರೆಯಬಾರದು.

ಈ ನಿಯಮಗಳೆಲ್ಲ ಪರೀಕ್ಷೆಗೆ ಒಳಗಾಗುವುದು ಬ್ರಹ್ಮಕಮಲ ಅರಳಿದ ರಾತ್ರಿ. ಆ ರಾತ್ರಿ ನೆರೆಹೊರೆಯವರು ಕೂಡುತ್ತಾರೆ, ಆರತಿಯಾಗುತ್ತದೆ, ಮನೆಮಂದಿಯೆಲ್ಲ ಹೂವಿನ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಫ್ಲಾಷಿನ ಆ ಚಿತ್ರದಲ್ಲಿ ಉಳಿಯುವುದು ಕಪ್ಪಿನ ನಡುವೆ ಒಂದು ಬಿಳಿಯ ಮುದ್ದೆ. ಆದರೆ ಈ ಗಿಡದಲ್ಲಿ ನೋಡಬೇಕಾದುದು ಎಷ್ಟೊಂದಿದೆ! ಇದು ಮೆಕ್ಸಿಕೋ ದೇಶದ ಕಡೆಯಿಂದ ಬಂದ ಪಾಪಾಸುಕಳ್ಳಿಯ ಬಳಗದ ಸಸ್ಯ. ನಾವು ಎಲೆಯೆಂದು ಕರೆಯುವುದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಆದ್ದರಿಂದಲೇ ಅದರ ಅಂಚಿನ ಕಚ್ಚಿನಿಂದ ಹೂ ಹುಟ್ಟಬಲ್ಲದು. ಬಿಳಿಯ ಬಣ್ಣ, ಕಡುವಾದ ಪರಿಮಳ, ಉದ್ದನೆಯ ಹೂನಾಳ, ಇವು ಇರುಳಲ್ಲಿ ಹಾರುವ ಪತಂಗಗಳನ್ನು ಕರೆಯುವ ಹೂಗಳ ಲಕ್ಷಣ. ಹಿಮಾಲಯದಲ್ಲಿ ಸುಮಾರು 4,000 ಮೀಟರ್ ಎತ್ತರದಲ್ಲಿ ಬೆಳೆಯುವ, ಉತ್ತರಾಖಂಡದ ರಾಜ್ಯಪುಷ್ಪವಾದ ಬ್ರಹ್ಮಕಮಲ ಬೇರೆಯೇ ಸಸ್ಯ. ಅದು ಸೂರ್ಯಕಾಂತಿಯ ಕುಟುಂಬದ್ದು. ಹೆಸರೊಂದೇ ಆದ್ದರಿಂದ ನಮ್ಮ ಹಿತ್ತಲಿನಲ್ಲಿ ಹಿಮಾಲಯದ ಅಪರೂಪದ ಹೂ ಅರಳಿತೆಂಬ ಸುದ್ದಿ ಪ್ರತಿ ವರ್ಷವೂ ಹರಡುತ್ತದೆ. ಫ್ಲಾಷನ್ನು ಆರಿಸಿ, ಬಿಳಿಯ ಬಟ್ಟೆ ಮುಚ್ಚಿದ ಟಾರ್ಚನ್ನು ಒಂದು ಮಗ್ಗುಲಿನಿಂದ ಹಿಡಿದು, ಮೊಬೈಲನ್ನು ಅಲುಗದಂತೆ ಸ್ಟೂಲಿನ ಮೇಲೆ ಒರಗಿಸಿ, ಹೂವಿನ ಜತೆಗೆ ಅದು ಹುಟ್ಟಿದ ಕಚ್ಚೂ ಕಾಣುವಂತೆ ತೆಗೆದ ಒಂದು ಚಿತ್ರವಿದ್ದರೆ ಈ ತಪ್ಪು ಸುದ್ದಿಗೆ ಅದೇ ಉತ್ತರವಾದೀತು. ಅಂಥ ಚಿತ್ರ ಮುದ್ದೆಯ ಚಿತ್ರಕ್ಕಿಂತ ಅಂದವಾಗಿಯೂ ಇರುತ್ತದೆ ಎಂಬುದೇ ನಾವು ಒತ್ತಿ ಹೇಳಬೇಕೆಂದಿರುವ ಮಾತು.

ಬಣ್ಣ ಏರಿಸಿದ ಚಿತ್ರದಿಂದ ಯಾರಿಗೇನು ನಷ್ಟವೆಂದು ಕೇಳಬಹುದು. ನಷ್ಟವುಂಟು. ಸಾರಜನಕ ಸಾಲದಿದ್ದರೆ ಗಿಡದ ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣಾಂಶ ಸಾಲದಿದ್ದರೆ ಎಳೆಯ ಎಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಣ ಭಾಗ ಹಳದಿಯಾಗುತ್ತದೆ. ಈ ಸೂಕ್ಷ್ಮ ಭೇದದ ಮೇಲೆಯೇ ಚಿಕಿತ್ಸೆ ನಿಂತಿದೆ. ರೋಗದ ಎಲೆಯ ಚಿತ್ರವನ್ನು ಮೊಬೈಲಿನಲ್ಲಿ ಕಳುಹಿಸಿ ಕೃಷಿತಜ್ಞರ ಸಲಹೆ ಪಡೆಯುವ ರೂಢಿ ಈಗ ಬೆಳೆದಿದೆ. ತೆಂಗು ಅಡಕೆಗಳನ್ನು ನಂಬಿದ ಈ ಸೀಮೆಯಲ್ಲಿ ಅದು ಬದುಕಿನ ಪ್ರಶ್ನೆ. ಹಸಿರು ಏರಿಸಿದ ಚಿತ್ರ ರೋಗಿಯ ಜ್ವರವನ್ನು ವೈದ್ಯನಿಂದ ಮುಚ್ಚಿಟ್ಟಂತೆ. ಮನೆಯ ತುಳಸಿಯ ಚಿತ್ರದಲ್ಲಿ ಸುಳ್ಳು ಹಸಿರಿಗೆ ಒಗ್ಗಿಹೋದ ಕಣ್ಣು ತೋಟದ ಅಡಕೆಯಲ್ಲಿ ನಿಜವಾದ ಹಳದಿಯನ್ನು ತಡವಾಗಿ ಗುರುತಿಸೀತೆಂಬುದು ನಮ್ಮ ಅಂಜಿಕೆ.

ಹಿನ್ನೆಲೆಯನ್ನು ಮಸಕು ಮಾಡಿ ತೋರಿಸುವ ಮೊಬೈಲಿನ ತಂತ್ರವೂ ಅನೇಕ ವೇಳೆ ಮಸೂರದ ಕೆಲಸವಲ್ಲ, ಗಣಕದ ಊಹೆ. ಜರೀಗಿಡದಂಥ ಸೂಕ್ಷ್ಮವಾದ ಎಲೆಯಂಚು ಆ ಊಹೆಗೆ ಸಿಕ್ಕದೆ ಅರ್ಧಕ್ಕೆ ತುಂಡಾಗುತ್ತದೆ. ಈಗಂತೂ ಇಲ್ಲದ ಗಿಡದ ಚಿತ್ರವನ್ನೇ ಗಣಕ ಹುಟ್ಟಿಸಬಲ್ಲದು. ನೀಲಿಯ ಸ್ಟ್ರಾಬೆರಿ, ಅಚ್ಚ ನೀಲಿಯ ಗುಲಾಬಿ, ಇಂಥವುಗಳ ಚಿತ್ರ ತೋರಿಸಿ ಬೀಜ ಮಾರುವವರಿದ್ದಾರೆ. ಗುಲಾಬಿಯಲ್ಲಿ ನೀಲಿಯ ವರ್ಣದ್ರವ್ಯವನ್ನು ತಯಾರಿಸುವ ಶಕ್ತಿಯೇ ಇಲ್ಲ. ಬೇರೆ ಸಸ್ಯದ ಜೀನನ್ನು ಸೇರಿಸಿ 2009ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ತಂದ ಗುಲಾಬಿಯೂ ತಿಳಿನೇರಿಳೆಯಷ್ಟೇ ಆಯಿತು. ಗಿಡದ ನಿಜವಾದ ಚಿತ್ರ ತೆಗೆದು ರೂಢಿಯಾದವರು ಈ ಬಲೆಗೆ ಸುಲಭವಾಗಿ ಬೀಳಲಾರರು.

ಇದಕ್ಕಿಂತ ಹೆಚ್ಚಿನ ಅಪಾಯವೊಂದಿದೆ. ಮನೆಯ ಗಿಡ ಸಾಮಾನ್ಯವೆಂದು ಬಗೆದು, ಅಪರೂಪದ ಚಿತ್ರಕ್ಕಾಗಿ ಕಾಡಿನ ಗಿಡವನ್ನು ಮನೆಗೆ ತರುವ ಚಟ. ತರೀಕೆರೆಯಿಂದ ಕೆಮ್ಮಣ್ಣುಗುಂಡಿಯ ಕಡೆಗೆ ಹೋದರೆ ಮರಗಳ ಮೇಲೆ ಆರ್ಕಿಡ್ ಸಸ್ಯಗಳು ಕಾಣಸಿಗುತ್ತವೆ. ಮುಂಗಾರಿನ ಸುಮಾರಿಗೆ ಸೀತಾಳೆ ದಂಡೆ ಹೂ ತುಂಬಿ ಜೋಲಾಡುವಾಗ ಅದನ್ನು ಕಿತ್ತು ತಂದು ಜಗಲಿಯ ಕಂಬಕ್ಕೆ ಕಟ್ಟಬೇಕೆನ್ನಿಸುವುದು ಸಹಜ. ಆದರೆ ಮಲೆಯ ತೇವಗಾಳಿಯಲ್ಲಿ ಬದುಕುವ ಆ ಬೇರುಗಳು ಕಡೂರಿನ ಮಾರ್ಚ್ ತಿಂಗಳ ಒಣಗಾಳಿಯನ್ನು ತಾಳುವುದು ಕಷ್ಟ. ಆರ್ಕಿಡ್ ಬೀಜಕ್ಕೆ ಆಹಾರದ ಶೇಖರಣೆ ಇಲ್ಲದಿರುವುದರಿಂದ ತಕ್ಕ ಶಿಲೀಂಧ್ರದ ನೆರವಿಲ್ಲದೆ ಅದು ಕಾಡಿನಲ್ಲಿ ಮೊಳೆಯಲಾರದು. ಕಿತ್ತ ಗಿಡದ ಜಾಗಕ್ಕೆ ಇನ್ನೊಂದು ಬೇಗ ಬರುವುದಿಲ್ಲ. ಭದ್ರಾ ಅಭಯಾರಣ್ಯದಂಥ ರಕ್ಷಿತ ಕಾಡಿನಿಂದ ಗಿಡ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಮರದ ಮೇಲಿರುವುದನ್ನು ಮರದ ಮೇಲೆಯೇ ತೆಗೆಯಬೇಕು. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿ ನೆಲಸಿದ್ದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು (1938–2007) ಹಕ್ಕಿಯ ಚಿತ್ರಕ್ಕಾಗಿ ಹಕ್ಕಿಯಿದ್ದಲ್ಲಿಗೇ ಹೋಗಿ ಕಾದರು. ಆ ಮಾದರಿ ಗಿಡಕ್ಕೂ ಸಲ್ಲುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಛಾಯಾಚಿತ್ರ ಕಲೆಯಲ್ಲವೆ, ಕಲಾವಿದನಿಗೆ ಸ್ವಾತಂತ್ರ್ಯ ಬೇಡವೆ? ಖಂಡಿತ ಬೇಕು. ಬರ್ಲಿನ್ನಿನ ಕಲಾಶಾಲೆಯ ಅಧ್ಯಾಪಕನಾಗಿದ್ದ ಕಾರ್ಲ್ ಬ್ಲಾಸ್‌ಫೆಲ್ಟ್ ತಾನೇ ಕಟ್ಟಿಕೊಂಡ ಕ್ಯಾಮರಾದಿಂದ ಚಿಗುರು, ಮೊಗ್ಗು, ಬೀಜಕೋಶಗಳನ್ನು ಅನೇಕ ಪಟ್ಟು ಹಿಗ್ಗಿಸಿ ಚಿತ್ರಿಸಿದನು. 1928ರಲ್ಲಿ ಅವು ಪುಸ್ತಕವಾಗಿ ಹೊರಬಂದಾಗ ಅವನಿಗೆ 63 ವರ್ಷ ವಯಸ್ಸು. ಆಕಾರ ಸ್ಪಷ್ಟವಾಗಲೆಂದು ಅವನು ಬೇಡದ ಎಲೆಗಳನ್ನು ಸವರಿದ್ದೂ ಉಂಟು. ಅವನ ಉದ್ದೇಶ ಶಿಲ್ಪ ಚಿತ್ತಾರಗಳ ವಿದ್ಯಾರ್ಥಿಗಳಿಗೆ ಆಕೃತಿಯನ್ನು ಕಲಿಸುವುದಾಗಿತ್ತು. ಉದ್ದೇಶವನ್ನು ಹೇಳಿ ಮಾಡಿದ ಬದಲಾವಣೆ ಕಲೆ. ಹೇಳದೆ ಮಾಡಿದ ಬದಲಾವಣೆ ವಂಚನೆ. ನೋಡುವವನು ಛಾಯಾಚಿತ್ರವನ್ನು ಸಾಕ್ಷಿಯೆಂದು ನಂಬುವುದರಿಂದಲೇ ಈ ಕಟ್ಟುನಿಟ್ಟು. ಬ್ಲಾಸ್‌ಫೆಲ್ಟನ ಚಿತ್ರಗಳಿಗೆ ಬಣ್ಣವೇ ಇಲ್ಲ, ಹಿನ್ನೆಲೆಯೂ ಬರಿದು. ಆದರೂ ಅವು ಸುಂದರ. ಬೆಲೆಯುಳ್ಳ ಕ್ಯಾಮರಾ ಇಲ್ಲವೆಂದು ಕೊರಗುವವರಿಗೂ ಅಲ್ಲಿ ಸಮಾಧಾನವಿದೆ.

ಹೀಗಿರಲು ನಮ್ಮ ತರುಣ ಓದುಗರಿಗೆ ನಾವು ಸೂಚಿಸುವುದು ಒಂದು ಸುಲಭವಾದ ಕೆಲಸವನ್ನು. ಮನೆಯ ಒಂದು ಗಿಡವನ್ನು ಆರಿಸಿಕೊಳ್ಳಿರಿ. ಪ್ರತಿ ತಿಂಗಳ ಮೊದಲ ಭಾನುವಾರ ಅದೇ ಸ್ಥಳದಲ್ಲಿ, ಅದೇ ಹೊತ್ತಿಗೆ, ಅದೇ ದೂರದಿಂದ ಒಂದು ಚಿತ್ರ ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿಯೊಂದಿರಲಿ, ಬಣ್ಣವನ್ನು ಸರಿನೋಡಲು ಬಿಳಿಯ ಕಾಗದದ ಚೂರಿರಲಿ. ದಿನಾಂಕ, ಊರು, ಕಿಟಕಿಯ ದಿಕ್ಕು, ಅಜ್ಜಿ ಆ ಗಿಡವನ್ನು ಕರೆಯುವ ಹೆಸರು, ಅದನ್ನು ಯಾವುದಕ್ಕೆ ಬಳಸುತ್ತಿದ್ದರೆಂಬುದು, ಇವಿಷ್ಟನ್ನು ಬರೆದಿಡಿರಿ. ಬೇಗನೆ ಫಲ ಬೇಕೆನ್ನುವವರು ಕಾಡುಬಸಳೆಯ ಒಂದು ಎಲೆಯನ್ನು ಒದ್ದೆ ಮಣ್ಣಿನ ಮೇಲಿಟ್ಟು ದಿನಕ್ಕೊಂದು ಚಿತ್ರ ತೆಗೆಯಲಿ. ಎಲೆಯಂಚಿನ ಕಚ್ಚುಗಳಿಂದ ಮರಿಗಿಡಗಳು ಏಳುವುದನ್ನು ಕಾಣುವರು. ಇಲ್ಲವೆ ಕುಂಡದಲ್ಲಿಟ್ಟ ಮುಟ್ಟಿದರೆ ಮುನಿಯ ಎಲೆಗಳನ್ನು ಸಂಜೆಯಿಂದ ಬೆಳಗಿನವರೆಗೆ ಗಂಟೆಗೊಮ್ಮೆ ಚಿತ್ರಿಸಲಿ. ಇಂಥ ಗಿಡವನ್ನು ಕತ್ತಲೆಯಲ್ಲಿಟ್ಟರೂ ಅದು ತನ್ನ ಹೊತ್ತಿಗೆ ಎಲೆ ಮಡಚಿ ಬಿಡಿಸುವುದನ್ನು ಫ್ರಾನ್ಸಿನ ದ ಮೈರಾನ್ 1729ರಲ್ಲಿಯೇ ಗಮನಿಸಿದ್ದನು. ಜೀವಿಗಳೊಳಗಿನ ಗಡಿಯಾರದ ಶಾಸ್ತ್ರಕ್ಕೆ ಅದೇ ಆರಂಭ.

ಚಿಕ್ಕಮಗಳೂರು ಜಿಲ್ಲೆಯ ಸಸ್ಯಸಂಪತ್ತಿನ ಮೇಲೆ ವಿದ್ವಾಂಸರು 1980ರ ದಶಕದ ಮೊದಲಿನಲ್ಲಿ ದೊಡ್ಡ ಗ್ರಂಥವನ್ನೇ ರಚಿಸಿದ್ದಾರೆ. ಆದರೆ ಅಂಥ ಗ್ರಂಥಗಳ ಗಮನ ಹೆಚ್ಚಾಗಿ ಕಾಡುಮೇಡಿನ ಸಸ್ಯಗಳ ಮೇಲೆ. ಕುಂಡದಲ್ಲಿ, ಒಡೆದ ಕೊಡದಲ್ಲಿ, ಎಣ್ಣೆ ಡಬ್ಬದಲ್ಲಿ ಬೆಳೆದು ನೆಗಡಿ ಕೆಮ್ಮುಗಳಿಗೆ ಒದಗಿದ ಗಿಡಗಳ ಲೆಕ್ಕವನ್ನು ಇಡುವವರು ಮನೆಯವರೇ. ತೊಟ್ಟಿಯ ಮನೆಗಳು ಬಿದ್ದು ಅಂಗಳವಿಲ್ಲದ ಮನೆಗಳು ಏಳುತ್ತಿರುವಾಗ ಆ ಗಿಡಗಳ ಜತೆಗೆ ಅವುಗಳ ಹೆಸರುಗಳೂ ಮರೆಯಾಗುತ್ತಿವೆ. ಮೂರು ಊರುಗಳ ಪ್ರೌಢಶಾಲೆ ಕಾಲೇಜುಗಳು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ಇಂಥ ಚಿತ್ರಗಳನ್ನು ಗೋಡೆಗೆ ಅಂಟಿಸಿ ಪ್ರದರ್ಶಿಸಲಿ. ಕಡೂರಿನ ದೊಡ್ಡಪತ್ರೆಗೂ ತರೀಕೆರೆಯ ದೊಡ್ಡಪತ್ರೆಗೂ ಎಲೆಯ ದಪ್ಪದಲ್ಲಿ, ಬಣ್ಣದಲ್ಲಿ ವ್ಯತ್ಯಾಸವಿದೆಯೆ? ಅಜ್ಜಂಪುರದಲ್ಲಿ ಬ್ರಹ್ಮಕಮಲ ಯಾವ ವಾರ ಅರಳಿತು? ಇಂಥ ಪ್ರಶ್ನೆಗಳಿಗೆ ಆ ಗೋಡೆಯೇ ಉತ್ತರ ಹೇಳಬಲ್ಲದು. ಬಣ್ಣ ಹಚ್ಚಿದ ಸಾವಿರ ಚಿತ್ರಗಳಿಂದ ಆಗದ ಈ ಕೆಲಸ, ನಿಜವನ್ನು ಹೇಳುವ ಹನ್ನೆರಡು ಚಿತ್ರಗಳಿಂದ ಆಗುತ್ತದೆ.